ಮುಂಚಕ್ರದ ಕಿವಿ

ಓಮಿಯೊ, ಗುರುವಾರ

ಅಕ್ಕಾ,
ನಾನು ಕ್ಷೇಮ, ತಲೆಯೊಂದು ಗೊಂದಲ. ನಿನ್ನೆ ದನದ ಡಾಕ್ಟರು ಬ್ರಾನ್ವಿನಮ್ಮನನ್ನು ನನ್ನ ಹಳೇ ಪಿಕಪ್ಪಿನಲ್ಲಿ ಗುಡ್ಡದ ಮೇಲಿನ ಕ್ಲ್ಯಾರಿಯ ಕೊಟ್ಟಿಗೆಗೆ ಕರೆದೊಯ್ದೆ. ಅವನ ಹಸು ಬೆಳಗಿನಿಂದ ಕರು ಹಾಕಲಾರದೆ ನರಳುತ್ತಿತ್ತು. ಜಲ್ಲಿ ದಾರಿ ಕಡಿದಾಗಿತ್ತು. ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸಿದೆ, ನಾಲ್ಕೂ ಚಕ್ರ ಎಳೆಯುವ ಲಿವರ್ ಹಾಕಿದೆ. ಆದರೂ ಅರ್ಧ ಏರಿ, ಜಲ್ಲಿ ತೂರಿ, ಎರಡು ಸಲ ಹಿಂದಕ್ಕೇ ಜಾರಿದೆವು.

"ಮುಂದಿನ ಚಕ್ರದ ಲಾಕ್ ತಿರುಗಿಸಿದ್ಯೇನೋ?"

"ಲಿವರ್ ಹಾಕಿದೀನಲ್ಲ, ಡಾಕ್ಟ್ರೇ."

"ಹದಿನೆಂಟು ವರ್ಷದಿಂದ ಇಲ್ಲೇ ಇದೀಯ! ಈ ಗಾಡಿ ನಿನ್ನ ಹಾಗೇ ಕಣೋ, ಇಳಿದು ಹೋಗಿ ಕಿವಿ ಹಿಂಡದೆ ಕೆಲಸ ಮಾಡಲ್ಲ."

ಆಕೆಯೇ ಇಳಿದು ಎರಡೂ ಮುಂಚಕ್ರದ ನಡುವಿನ ಕಿವಿಯಂಥ ಲಾಕ್ ತಿರುಗಿಸಿದರು; ಅದನ್ನು ಕೈಯಿಂದ ತಿರುಗಿಸದಿದ್ದರೆ ಲಿವರ್ ಹಾಕಿದರೂ ಮುಂಚಕ್ರ ಎಳೆಯುವುದಿಲ್ಲ. ಗಾಡಿ ಮೇಕೆಯಂತೆ ಹತ್ತಿತು. ಕರು ಬದುಕಿತು, ಹಸುವೂ ಎದ್ದಿತು.

ಕ್ಲ್ಯಾರಿ ನನ್ನ ಕೈ ಕುಲುಕಿ, "ನೀನಿಲ್ದಿದ್ರೆ ಎರಡೂ ಹೋಗ್ತಿದ್ವು ಮಾರಾಯ" ಎಂದು ಕರುವಿಗೆ ನನ್ನ ಹೆಸರೇ ಇಟ್ಟ. ಡಾಕ್ಟರು ಲಾಕಿನ ವಿಷಯ ಎತ್ತದೆ ಕೈ ತೊಳೆಯುತ್ತಿದ್ದರು. ನನ್ನ ಮಾನ ಯಾಕೆ ಉಳಿಸಿದರೋ ತಿಳಿಯದು. ನಿನಗೆ ಹೊಳೆದರೆ ಬರಿ. ಸೊಂಟ ನೋವು ವಾಸಿ. ಕಾರ್ಡು ತುಂಬಿತು.

ನಿನ್ನ ತಮ್ಮ,
ಎರಡು ಕಾಲಿನ ವಾಮನ