ಇಲ್ಲದ ಗೇಟು ತೆರೆದೇ ಇದೆ

ಚಾಲನಾ ಪರವಾನಗಿ ಪರೀಕ್ಷೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಪರೀಕ್ಷಾ ಕಂಪ್ಯೂಟರಿನಲ್ಲಿ ಎರಡು ರಸ್ತೆ ಚಿಹ್ನೆಗಳ ಉತ್ತರ ಅದಲುಬದಲಾಗಿ ಆರು ವರ್ಷವಾಯಿತು. ಕೆಂಪು ಅಂಚಿನ ತ್ರಿಕೋನದೊಳಗೆ ಬೇಲಿಯ ಚಿತ್ರವಿದ್ದರೆ, ಮುಂದೆ ಗೇಟು ಇರುವ ರೈಲ್ವೆ ಕ್ರಾಸಿಂಗ್ ಇದೆ, ಗೇಟು ಹಾಕಿ ತೆಗೆಯಲು ಒಬ್ಬ ಮನುಷ್ಯನಿದ್ದಾನೆ ಎಂದು ಅರ್ಥ. ಅದೇ ತ್ರಿಕೋನದೊಳಗೆ ರೈಲಿನ ಎಂಜಿನ್ ಇದ್ದರೆ, ಮುಂದೆ ಬರೀ ಹಳಿ ಇದೆ, ಗೇಟಿಲ್ಲ, ಕಾವಲಿನವನಿಲ್ಲ, ನಿಂತು ಎರಡೂ ಕಡೆ ನೋಡಿ ದಾಟಿ ಎಂದು ಅರ್ಥ. ನಿಮ್ಮ ಕಂಪ್ಯೂಟರು ಇದನ್ನು ತಿರುಗುಮುರುಗು ಮಾಡಿಕೊಂಡು ಕೂತಿದೆ. ಎಂಜಿನ್ನಿನ ಚಿತ್ರ ತೋರಿಸಿ, ‘ಕಾವಲಿರುವ ಕ್ರಾಸಿಂಗ್’ ಎಂಬ ಗುಂಡಿ ಒತ್ತಿದವರಿಗೆ ಅಂಕ ಕೊಡುತ್ತದೆ. ನಿಜವಾದ ಅರ್ಥ ಗೊತ್ತಿದ್ದು ಒತ್ತಿದವರ ಅಂಕ ಕಳೆಯುತ್ತದೆ. ಇಪ್ಪತ್ತು ಪ್ರಶ್ನೆಗಳಲ್ಲಿ ಹದಿನೆಂಟು ‘ಸರಿ’ಯಾದರೆ ಪಾಸು. ಈ ಎರಡು ಚಿಹ್ನೆ ಬಲ್ಲವನಿಗೆ ಎರಡು ಅಂಕ ಅಲ್ಲೇ ಹೋಯಿತು, ಇನ್ನೊಂದು ತಪ್ಪಿದರೆ ಮನೆಗೆ. ಹೀಗೆ ಆರು ವರ್ಷದಿಂದ ನೀವು ತಿಳಿದವರನ್ನು ಜರಡಿ ಹಿಡಿದು ಹೊರಗೆ ಹಾಕುತ್ತಿದ್ದೀರಿ, ತಿಳಿಯದವರ ಕೈಗೆ ಸ್ಟಿಯರಿಂಗ್ ಕೊಡುತ್ತಿದ್ದೀರಿ.

ಆರು ವರ್ಷ ಸುಮ್ಮನಿದ್ದವನಿಗೆ ಈಗೇನಾಯಿತು ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಊರಿನ ಹೊರಗೆ ಸಿಮೆಂಟ್ ಗೋದಾಮಿನ ಪಕ್ಕ ಒಂದು ಹಳಿ ಹಾದುಹೋಗುತ್ತದೆ. ಅದರ ಮೇಲೆ ಇಷ್ಟು ದಿನ ವಾರಕ್ಕೆರಡು ಸಲ, ರಾತ್ರಿ ಹೊತ್ತು, ಒಂದು ಗೂಡ್ಸ್ ಗಾಡಿ, ಪಕ್ಕದಲ್ಲಿ ನಡೆದವರೂ ಹಿಂದೆ ಹಾಕುವಷ್ಟು ನಿಧಾನವಾಗಿ ಬರುತ್ತಿತ್ತು. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಅಲ್ಲಿ ದಿನಾ ಬೆಳಿಗ್ಗೆ ಪ್ರಯಾಣಿಕರ ರೈಲು ಓಡಲಿದೆ. ಅದು ನಮ್ಮಲ್ಲಿ ನಿಲ್ಲುವುದಿಲ್ಲ, ವೇಗ ತಗ್ಗಿಸುವುದೂ ಇಲ್ಲ. ಏಳು ಐವತ್ತಕ್ಕೆ ಗೋದಾಮು ದಾಟುತ್ತದೆ. ಅಲ್ಲಿ ಗೇಟಿಲ್ಲ. ಎಂಜಿನ್ನಿನ ಚಿತ್ರವಿರುವ ಒಂದು ಬೋರ್ಡು ಮಾತ್ರ ಇದೆ, ಅದನ್ನು ಓದಲು ಬಾರದಂತೆ ನೀವೂ ನಾನೂ ಸೇರಿ ಇಡೀ ಊರಿಗೆ ತರಬೇತಿ ಕೊಟ್ಟಿದ್ದೇವೆ.

ನಾನೂ ಎಂದೆ, ಬಾಯಿತಪ್ಪಿ ಬಂದದ್ದಲ್ಲ. ನಾನು ಡ್ರೈವಿಂಗ್ ಶಾಲೆ ನಡೆಸುವವನು. ಒಂದು ಕೋಣೆ, ಎರಡು ಬೆಂಚು, ಗೋಡೆಗೆ ಚಿಹ್ನೆಗಳ ದೊಡ್ಡ ಪಟ, ಹೊರಗೆ ಎರಡು ಬ್ರೇಕಿನ ಒಂದು ಹಳೇ ಕಾರು. ಮೊದಲು ನಿಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಪರೀಕ್ಷಕರು ಕೋಲಿನಿಂದ ಚಿತ್ರ ಮುಟ್ಟಿ ಕೇಳುತ್ತಿದ್ದರು. ಉತ್ತರ ಹೇಳಿದರೆ ಸಾಲದು, ‘ಹಾಗಾದರೆ ನೀನು ಏನು ಮಾಡುತ್ತೀಯಾ’ ಎಂದೂ ಕೇಳುತ್ತಿದ್ದರು. ಅವರು ನಿವೃತ್ತರಾದರು, ಕಂಪ್ಯೂಟರು ಬಂತು. ಬಂದ ಮೊದಲ ವಾರವೇ ನನ್ನ ಹನ್ನೆರಡು ಮಂದಿಯಲ್ಲಿ ಏಳು ಮಂದಿ ಫೇಲಾದರು. ಯಾವ ಪ್ರಶ್ನೆಗೆ ಕೆಂಪು ಗುರುತು ಬಿತ್ತು ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಆಗ ಈ ಅದಲುಬದಲು ಗೊತ್ತಾಯಿತು. ಸ್ವಲ್ಪ ದಿನ ಎರಡನ್ನೂ ಹೇಳಿಕೊಟ್ಟೆ: ನಿಜವಾದ ಅರ್ಥ ಇದು, ಪರೀಕ್ಷೆಯಲ್ಲಿ ಮಾತ್ರ ಅದನ್ನು ಒತ್ತಿ ಎಂದು. ಪಾಪ, ಅವರು ಅಲ್ಲಿ ಕೂತಾಗ ಗಲಿಬಿಲಿಯಾಗಿ ಯಾವುದೋ ಒಂದನ್ನು ಒತ್ತಿ ಬರುತ್ತಿದ್ದರು. ಪಕ್ಕದ ಬೀದಿಯ ಶಾಲೆಯವರು ಬೋರ್ಡಿನ ಮೇಲೆ ನೂರಕ್ಕೆ ತೊಂಬತ್ತೆಂಟು ಪಾಸು ಎಂದು ಬರೆಸಿಕೊಂಡಿದ್ದರು. ಎರಡು ತಿಂಗಳ ನಂತರ ನಾನು ನಿಜವಾದ ಅರ್ಥ ಹೇಳುವುದನ್ನೇ ಬಿಟ್ಟುಬಿಟ್ಟೆ. ಗೋಡೆಯ ಪಟದ ಮೇಲೆ ಆ ಎರಡು ಚಿತ್ರಗಳ ಕೆಳಗಿನ ಬರಹಕ್ಕೆ ಬಿಳಿ ಕಾಗದ ಅಂಟಿಸಿ, ನಿಮ್ಮ ಕಂಪ್ಯೂಟರಿಗೆ ಬೇಕಾದದ್ದನ್ನು ನನ್ನ ಕೈಯಾರೆ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಹಾಗೆಂದು ನಾನು ನಿಮಗೆ ತಿಳಿಸಲೇ ಇಲ್ಲವೇ? ಬಂದಿದ್ದೆ. ಮೂರನೇ ಕೌಂಟರಿನ ಗುಮಾಸ್ತರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಂಡು, “ಕಂಪ್ಯೂಟರ್ ಏನು ಕೇಳುತ್ತೋ ಅದನ್ನ ಹೇಳಿಕೊಡಿ ಮೇಷ್ಟ್ರೇ. ನಿಮ್ಮೋರು ಪಾಸಾಗ್ತಿದ್ದಾರಲ್ಲ, ಇನ್ನೇನು ಬೇಕು ನಿಮಗೆ?” ಎಂದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಕೊಟ್ಟಿರುವುದು ಒಂದು ಕಿಟಕಿ ಮತ್ತು ಒಂದು ಸೀಲು. ಲಿಖಿತವಾಗಿ ಕೊಡಿ ಎಂದರು, ಕೊಟ್ಟೆ. ಐದು ತಿಂಗಳ ಮೇಲೆ ತಮ್ಮ ಸಹಿಯಿರುವ ಉತ್ತರ ಬಂತು. “ಸದರಿ ವಿಷಯವಾಗಿ ತೇರ್ಗಡೆಯಾದ ಯಾವುದೇ ಅಭ್ಯರ್ಥಿಯಿಂದ ಈವರೆಗೆ ದೂರು ಸ್ವೀಕೃತವಾಗಿರುವುದಿಲ್ಲವಾದ್ದರಿಂದ ಕ್ರಮದ ಅಗತ್ಯ ಕಂಡುಬಂದಿರುವುದಿಲ್ಲ.” ಈ ವಾಕ್ಯವನ್ನು ನಾನು ಬಹಳ ಸಲ ಓದಿದ್ದೇನೆ. ತೇರ್ಗಡೆಯಾದವನು ಯಾಕೆ ಸ್ವಾಮಿ ದೂರು ಕೊಡುತ್ತಾನೆ? ತನಗೆ ತಪ್ಪು ಕಲಿಸಿದ್ದಾರೆ ಎಂದು ಅವನಿಗೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ದೂರು ಬರೆಯಲು ಅವನು ಉಳಿದಿರುತ್ತಾನೆಯೇ? ಇದನ್ನು ಕೇಳಬೇಕೆಂದಿದ್ದೆ. ಆದರೆ ಮರುದಿನ ಹೊಸ ಬ್ಯಾಚು ಶುರುವಾಯಿತು, ಕಾಗದವನ್ನು ಫೈಲಿಗೆ ಸೇರಿಸಿ ನಾನೂ ಜಾಣಕುರುಡನಾದೆ.

ಫೇಲಾದವರ ಪೈಕಿ ಒಬ್ಬರ ವಿಷಯ ಹೇಳಲೇಬೇಕು. ಅವರು ಮೂವತ್ತೊಂದು ವರ್ಷ ರೈಲು ಓಡಿಸಿ ನಿವೃತ್ತರಾದವರು. ಮೊಮ್ಮಗಳನ್ನು ಸ್ಕೂಟರಿನಲ್ಲಿ ಸಂಗೀತ ಪಾಠಕ್ಕೆ ಬಿಟ್ಟು ಬರುವ ಆಸೆಯಿಂದ ಲೈಸೆನ್ಸಿಗೆ ಬಂದರು. ನಾನು ಎಷ್ಟು ಹೇಳಿಕೊಟ್ಟರೂ ಆ ಎರಡು ಚಿತ್ರಕ್ಕೂ ಸರಿಯಾದ ಉತ್ತರವನ್ನೇ ಒತ್ತಿ, ಜೊತೆಗೆ ಇನ್ನೊಂದು ತಪ್ಪಿ, ಎರಡು ಸಲ ಫೇಲಾದರು. ಮೂರನೇ ಸಲ ಮುಖ ಗಂಟುಹಾಕಿಕೊಂಡು ನಿಮಗೆ ಬೇಕಾದದ್ದನ್ನು ಒತ್ತಿ ಪಾಸಾದರು. ಅಂದು ನನ್ನ ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇಷ್ಟು: “ಮೇಷ್ಟ್ರೇ, ಗೇಟಿಲ್ಲದ ಕಡೆ ದೂರದಿಂದ್ಲೇ ಹಾರನ್ ಹಾಕ್ತಾ ಬರ್ತಿದ್ದೆ. ನನ್ನ ಕೈಲಿ ಆಗ್ತಿದ್ದಿದ್ದು ಅಷ್ಟೇ. ಹಳಿ ಮೇಲೆ ಗಾಡಿ ಕಂಡ್ಮೇಲೆ ಬ್ರೇಕ್ ಹಾಕಿದ್ರೆ ರೈಲು ನಿಲ್ಲೋದು ಅದನ್ನ ದಾಟಿ ಎಷ್ಟೋ ದೂರ ಹೋದ್ಮೇಲೆ. ರಸ್ತೇಲಿರೋನು ನೋಡ್ಕೋತಾನೆ ಅನ್ನೋ ನಂಬಿಕೆ ಮೇಲೇ ಮೂವತ್ತೊಂದು ವರ್ಷ ಓಡಿಸ್ದೆ. ಈಗ ಅವನಿಗೂ ಗೇಟಿದೆ ಅಂತ ಹೇಳ್ಬಿಟ್ರೆ, ನೋಡೋರು ಯಾರು?” ನಾನು ಅವರಿಗೆ ಅಭಿನಂದನೆ ಹೇಳಿ ಕಳಿಸಿದೆ.

ಈಗ ನನ್ನ ತಂಗಿಯ ಮಾತು. ಅವಳು ಶಾಲೆಯೊಂದರ ವ್ಯಾನು ಓಡಿಸುತ್ತಾಳೆ, ಅದರಲ್ಲಿ ಹದಿನಾಲ್ಕು ಮಕ್ಕಳು. ಅವಳಿಗೆ ಡ್ರೈವಿಂಗ್ ಕಲಿಸಿದವನು ನಾನೇ, ಅದೂ ನಿಜವಾದ ಅರ್ಥ ಹೇಳುವುದನ್ನು ಬಿಟ್ಟ ಮೇಲೆ. ಇಪ್ಪತ್ತಕ್ಕೆ ಇಪ್ಪತ್ತು ತೆಗೆದಳು. ಕಳೆದ ತಿಂಗಳು, ಕ್ಲಚ್ ಯಾಕೋ ಬಿಗಿಯಾಗಿದೆ, ಒಂದು ಸಲ ಕೂತು ನೋಡಣ್ಣ ಎಂದಳು. ಬೆಳಿಗ್ಗೆ ಅವಳ ಪಕ್ಕದ ಸೀಟಿನಲ್ಲಿ ಕೂತೆ. ಗೋದಾಮಿನ ಹತ್ತಿರ ರಸ್ತೆ ಸ್ವಲ್ಪ ಏರುತ್ತದೆ. ಗೋದಾಮಿನ ಗೋಡೆ ಎಷ್ಟು ಮುಂದಕ್ಕೆ ಬಂದಿದೆಯೆಂದರೆ ಗಾಡಿಯ ಮೂತಿ ಹಳಿಗೆ ತಾಗುವವರೆಗೂ ಎಡಗಡೆಯಿಂದ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಬೋರ್ಡು ಬಂತು. ಬಣ್ಣ ಮಾಸಿದ್ದರೂ ಎಂಜಿನ್ನು ಅದರ ಹೊಗೆಕೊಳವೆ ಸಮೇತ ಸ್ಪಷ್ಟವಾಗಿಯೇ ಇತ್ತು. ಅವಳು ಬೋರ್ಡನ್ನು ನೋಡಿದಳು, ನೋಡಿದ್ದನ್ನು ನಾನು ಕಂಡೆ. ಆದರೂ ಕಾಲು ಬ್ರೇಕಿನ ಕಡೆ ಹೋಗಲಿಲ್ಲ. ನಿಲ್ಲಿಸು ಎಂದು ನಾನು ಕೂಗುವಷ್ಟರಲ್ಲಿ ಹಳಿ ದಾಟಿ ಆಗಿತ್ತು.

“ಯಾಕಣ್ಣಾ?” ಎಂದಳು. “ಗೇಟು ತೆರೆದೇ ಇದೆಯಲ್ಲ.”

ಯಾವ ಗೇಟು ಎಂದು ಕೇಳಿದೆ. ಹಳಿಯ ಎರಡು ಕಡೆ, ಯಾವ ಕಾಲದಲ್ಲೋ ನೆಟ್ಟು ಬಿಟ್ಟುಹೋದ ಸುಣ್ಣ ಬಳಿದ ಎರಡು ಕಲ್ಲುಕಂಬಗಳಿವೆ. ಅವಳು ಕನ್ನಡಿಯಲ್ಲೇ ಅವನ್ನು ತೋರಿಸಿದಳು. “ರೈಲು ಬರೋವಾಗ ಅಡ್ಡ ಹಾಕ್ತಾರೆ. ಎಂಜಿನ್ ಬೋರ್ಡ್ ಇದ್ರೆ ಗೇಟು ಇರತ್ತೆ ಅಂತ ನೀನೇ ಅಲ್ವಾ ಹೇಳಿಕೊಟ್ಟಿದ್ದು?” ಎರಡು ವರ್ಷದಿಂದ ಅವಳು ದಿನಕ್ಕೆರಡು ಸಲ ಆ ಹಳಿ ದಾಟುತ್ತಿದ್ದಾಳೆ. ಗೇಟು ಯಾವತ್ತೂ ಹಾಕಿರಲಿಲ್ಲ, ಹಾಕಲು ಅದು ಇದ್ದರಲ್ಲವೇ. ಹಾಗಾಗಿ ಅಲ್ಲಿನ ಕಾವಲುಗಾರ ಬಹಳ ಒಳ್ಳೆಯವನು, ನಮ್ಮನ್ನು ಒಂದು ದಿನವೂ ಕಾಯಿಸಿದವನಲ್ಲ ಎಂದು ಅವಳು ಅವನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಳಂತೆ. ಹಿಂದೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಮಕ್ಕಳನ್ನು ಇಳಿಸಿದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು, “ಎಲ್ಲರಿಗೂ ಹೀಗೇ ಹೇಳಿಕೊಟ್ಟಿದ್ದೀಯಾ?” ಎಂದು ಕೇಳಿದಳು. ಮಾನ್ಯರೇ, ನನ್ನ ದಾಖಲೆ ಪುಸ್ತಕದಲ್ಲಿ ಆರು ವರ್ಷಕ್ಕೆ ಎರಡು ಸಾವಿರದ ಮುನ್ನೂರು ಹೆಸರಿದೆ. ಊರಿನಲ್ಲಿ ನನ್ನಂಥ ಶಾಲೆಗಳು ಒಂಬತ್ತು.

ಆ ದಿನದಿಂದ ಅವಳು ಹಳಿಗೆ ಮೊದಲೇ ವ್ಯಾನು ನಿಲ್ಲಿಸಿ, ಜೊತೆಗಿರುವ ಆಯಾಳನ್ನು ಇಳಿಸಿ ಎರಡೂ ಕಡೆ ನೋಡಿಸಿ ದಾಟುತ್ತಾಳೆ. ಇನ್ನು ಭಯವಿಲ್ಲ ಎಂದುಕೊಂಡೆ. ಕಳೆದ ಗುರುವಾರ ಗೋದಾಮಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಏಳರಿಂದ ಎಂಟರವರೆಗೆ ಎಣಿಸಿದೆ. ಅರವತ್ತೆಂಟು ಗಾಡಿಗಳು ದಾಟಿದವು. ನಿಂತವು ನಾಲ್ಕು. ಇಬ್ಬರು ತಲೆ ನೆರೆತವರು, ಹಳೇ ಪರೀಕ್ಷಕರ ಕೋಲಿನ ಕಾಲದವರು. ಒಬ್ಬನಿಗೆ ಫೋನು ಬಂದಿತ್ತು, ಅವನು ನಿಂತು ಮಾತಾಡಿದ್ದು ಹಳಿಯ ಮೇಲೆಯೇ. ನಾಲ್ಕನೆಯವಳು ನನ್ನ ತಂಗಿ. ಅವಳು ನಿಂತ ಕೂಡಲೇ ಹಿಂದಿನಿಂದ ಹಾರನ್ನು ಶುರುವಾಯಿತು, ಎರಡು ಬೈಕು, ಒಂದು ಕಾರು ಬಲಗಡೆಯಿಂದ ನುಗ್ಗಿ ದಾಟಿಹೋದವು. ಆಮೇಲೆ ಗ್ಯಾಸ್ ಸಿಲಿಂಡರು ತುಂಬಿದ ಲಾರಿ ಬಂತು. ಅದರ ಡ್ರೈವರಿಗೆ ಮುಂದಿನ ಗಾಡಿ ಅಲ್ಲಿ ನಿಲ್ಲುತ್ತದೆ ಎಂಬ ಕಲ್ಪನೆಯೇ ಇರಲಿಲ್ಲ. ಬ್ರೇಕು ಹಾಕಿದ, ಹಾಕಿಯೂ ಬಂಪರು ತಾಗಿ ವ್ಯಾನು ಮುಂದಕ್ಕೆ ಜರುಗಿತು. ಮುಂದಿನ ಚಕ್ರಗಳು ಹಳಿಯ ಮೇಲೆ ಹೋಗಿ ನಿಂತವು. ಒಳಗೆ ಮಕ್ಕಳು ಜೋರಾಗಿ ನಕ್ಕರು, ಅವರಿಗೆ ಅದು ಆಟ. ಲಾರಿಯವನು ಇಳಿದು ಬಂದು, “ಗೇಟು ತೆಗೆದಿರೋವಾಗ ನಡುರಸ್ತೇಲಿ ಯಾಕಮ್ಮ ನಿಲ್ಸೋದು?” ಎಂದು ನನ್ನ ತಂಗಿಗೆ ಬೈದ. ಬೈದು ತಿರುಗಿದವನಿಗೆ ನಾನು ಕಂಡೆ. ಕೈ ಮುಗಿದು, “ನಮಸ್ಕಾರ ಮೇಷ್ಟ್ರೇ, ಚೆನ್ನಾಗಿದ್ದೀರಾ?” ಎಂದ.

ಅಂದು ಹಳಿಯ ಮೇಲೆ ರೈಲಿರಲಿಲ್ಲ. ಒಂದನೇ ತಾರೀಕಿನಿಂದ ಇರುತ್ತದೆ. ವ್ಯಾನು ಅಲ್ಲಿಗೆ ಬರುವುದು ಏಳು ನಲವತ್ತೆಂಟಕ್ಕೆ. ಕೆಲಸ ಬಿಡು ಎಂದು ಅವಳಿಗೆ ಅಂಗಲಾಚಿದೆ. “ನಾನಾದ್ರೆ ನಿಲ್ಲಿಸ್ತೀನಿ ಅಣ್ಣ. ನಾನು ಬಿಟ್ರೆ ನಿಲ್ಲಿಸದೇ ಇರೋನು ಬರ್ತಾನೆ” ಎಂದಳು. ಅವಳ ಮಾತು ಸರಿ. ಆದರೆ ಅವಳು ನಿಲ್ಲಿಸಿದರೂ ಹಿಂದಿನವನು ತಳ್ಳುತ್ತಾನೆ. ಒಬ್ಬರಿಗೆ ಅರ್ಥ ಹೇಳಿಕೊಟ್ಟು ಹದಿನಾಲ್ಕು ಮಕ್ಕಳನ್ನು ಉಳಿಸಲು ಆಗುವುದಿಲ್ಲ ಎಂಬುದು ನನಗೆ ಆ ಕುರ್ಚಿಯಲ್ಲಿ ಕೂತು ತಿಳಿಯಿತು.

ಗೇಟು ನಮ್ಮದಲ್ಲ, ರೈಲ್ವೆಯವರದು ಎನ್ನುತ್ತೀರಿ. ಬೋರ್ಡು ರಸ್ತೆ ಇಲಾಖೆಯದು. ಕಂಪ್ಯೂಟರಿನ ತಪ್ಪು ಅದನ್ನು ಸರಬರಾಜು ಮಾಡಿದವರದು. ಒಪ್ಪಿದೆ. ಹಾಗಿದ್ದರೆ ಹಳಿಯ ಮೇಲೆ ಸಿಕ್ಕಿಕೊಂಡವರು ಯಾವ ಇಲಾಖೆಗೆ ಸೇರುತ್ತಾರೆ ಎಂಬುದನ್ನಾದರೂ ಈಗಲೇ ಕೂತು ತೀರ್ಮಾನಿಸಿಡಿ, ಆಮೇಲೆ ಅಷ್ಟು ಸಮಾಧಾನವಾಗಿ ಯೋಚಿಸಲು ಪುರುಸೊತ್ತು ಸಿಗಲಿಕ್ಕಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಆ ಎರಡು ಉತ್ತರಗಳನ್ನು ಇವತ್ತೇ ಸರಿಪಡಿಸಿ. ಆರು ವರ್ಷದಲ್ಲಿ ಪಾಸಾದ ಪ್ರತಿಯೊಬ್ಬರ ವಿಳಾಸವೂ ಫೋನ್ ನಂಬರೂ ನಿಮ್ಮಲ್ಲಿದೆ, ನಾವು ನಿಮಗೆ ತಪ್ಪು ಕಲಿಸಿದೆವು ಎಂದು ಅವರಿಗೆಲ್ಲ ಬರೆಯಿರಿ. ನನ್ನ ಶಾಲೆಯ ಪರವಾನಗಿಯನ್ನು ಬೇಕಾದರೆ ರದ್ದು ಮಾಡಿ, ತಕರಾರಿಲ್ಲ, ಗೋಡೆಯ ಮೇಲಿನ ಆ ಕಾಗದವನ್ನು ಕಿತ್ತ ದಿನವೇ ನಾನು ಬಾಗಿಲು ಹಾಕಿದ್ದೇನೆ. ಗೇಟು ಆಗುವವರೆಗೆ ಅಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ.

ಒಂದನೇ ತಾರೀಕಿನೊಳಗೆ ಯಾರೂ ಬಾರದಿದ್ದರೆ ನಾನೇ ಕೆಂಪು ಬಾವುಟ ಹಿಡಿದು ರಸ್ತೆಗೆ ಅಡ್ಡ ನಿಲ್ಲುತ್ತೇನೆ. ಸಂಚಾರ ತಡೆಯುವುದು ಅಪರಾಧ, ಆ ಕಲಮು ನನಗೆ ಚೆನ್ನಾಗಿ ಗೊತ್ತು. ದಯವಿಟ್ಟು ನನ್ನನ್ನು ಹಿಡಿಯಲು ಜೀಪು ಕಳಿಸಿ. ಕಳಿಸುವ ಮೊದಲು ಅದರ ಡ್ರೈವರಿಗೆ ಎಂಜಿನ್ನಿನ ಚಿತ್ರ ತೋರಿಸಿ, ಇದರ ಅರ್ಥ ಏನಪ್ಪಾ ಎಂದು ಒಂದು ಸಲ ಕೇಳಿ ನೋಡಿ.

ಇಂತಿ,
ತಪ್ಪು ಉತ್ತರ ಕಲಿಸಿ ಎಲ್ಲರಿಂದ ನಮಸ್ಕಾರ ಹೊಡೆಸಿಕೊಳ್ಳುತ್ತಿರುವ
ಡ್ರೈವಿಂಗ್ ಮೇಷ್ಟ್ರು