ಒಂದು ಸಲ ಅಂದ್ರೆ ಹೌದು

ಜೂನ್ 4, ಬುಧವಾರ. ಬೆಳಗ್ಗೆ 6.40

ಅಕ್ಕನ ಬೆಲ್ ಮತ್ತೆ ಬಿಚ್ಚಿದೆ. ಸ್ಪಂಜು ಒದ್ದೆ. ಪಾತ್ರೆ ತೊಳೆಯೋ ಸ್ಪಂಜಲ್ಲಿ ಇನ್ನೊಂದು ತುಂಡು ಕತ್ತರಿಸಿ ಹಾಕಿದೆ. ಎರಡು ರಟ್ಟು, ಎರಡಕ್ಕೂ ಅಂಟಿಸಿದ ಫಾಯಿಲ್, ನಡುವೆ ತೂತು ಮಾಡಿದ ಸ್ಪಂಜು. ಒತ್ತಿದ್ರೆ ತೂತಿನೊಳಗೆ ಫಾಯಿಲಿಗೆ ಫಾಯಿಲ್ ತಾಗುತ್ತೆ, ಬಿಸ್ಕತ್ ಡಬ್ಬಿಯೊಳಗಿಂದ ಬಝರ್ ಕೂಗುತ್ತೆ. ಬಝರ್ ಕೆಟ್ಟ ಅಲಾರಂ ಗಡಿಯಾರದ್ದು.

ನರಗಳ ಕಾಯಿಲೆ ಅಕ್ಕನ ಮಾತು ತಗೊಂಡು ಹೋಗಿ ನಾಲ್ಕು ತಿಂಗಳು. ರೆಪ್ಪೆ ಕೂಡ ತನಗೆ ಬೇಕಾದಾಗ ಮುಚ್ಚುತ್ತೆ, ಅದನ್ನ ನಂಬೋ ಹಾಗಿಲ್ಲ. ಉಳಿದಿರೋದು ಬಲಗೈ ತೋರುಬೆರಳು ಒಂದೇ. ಒಂದು ಸಲ ಒತ್ತಿದ್ರೆ ಹೌದು. ಎರಡು ಸಲ — ಬೇಡ, ಇಲ್ಲ.

ಕಾಲೇಜು ಲ್ಯಾಬಲ್ಲಿ ಕೆಲಸ ಮುಗಿಸಿ ಬರುವಾಗ ದಾರೀಲಿ ಬಿದ್ದಿರೋ ರೇಡಿಯೋ, ಫ್ಯಾನು ಎತ್ಕೊಂಡು ಬರ್ತಿದ್ದೆ. "ಬಂದ್ಳು ಗುಜರಿ ರಾಣಿ" ಅಂತಿದ್ಳು ಅಕ್ಕ. ಈಗ ಒಂದು ಸಲ ಹಾಗೆ ಅಂದಿದ್ರೆ ಸಾಕಿತ್ತು.

ಬಸ್ಸಿಗೆ ಹೊತ್ತಾಯ್ತು.

ಜೂನ್ 9, ಸೋಮವಾರ. ಸಂಜೆ

ಡಾಕ್ಟರ್ ಮನೆಗೇ ಬಂದಿದ್ರು. ಅಕ್ಕನಿಗೆ ಉಸಿರು ಸಾಲ್ತಿಲ್ಲ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕ್ಬೇಕು, ಮುಂದೆ ಉಸಿರಾಡಿಸೋದು ಮಷೀನು. ಹಾಕಿದ್ಮೇಲೆ ತೆಗೆಯೋ ಮಾತಿಲ್ಲ. ಹಾಕ್ದೇ ಇದ್ರೆ... ಕೆಲವು ವಾರ.

"ಅವರನ್ನೇ ಕೇಳಿ. ಬುದ್ಧಿ ಚುರುಕಾಗೇ ಇದೆ. ಅವರು ಹೇಳಿದ ಹಾಗೆ ಮಾಡೋಣ" ಅಂದ್ರು.

ಭಾವ ಮಂಚದ ಪಕ್ಕ ಮೊಣಕಾಲೂರಿ ಕೂತ್ರು. "ಟ್ಯೂಬ್ ಹಾಕ್ಸೋಣವಾ?"

ಕೀಂ-ಕೀಂ. ಎರಡು.

ಡಾಕ್ಟರ್ ಬರ್ಕೊಂಡ್ರು. ಭಾವ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ್ರು. ಎಷ್ಟೋ ಹೊತ್ತು ನೀರಿನ ಸದ್ದು.

ಜೂನ್ 10, ಮಂಗಳವಾರ

ಅಕ್ಕ ಇವತ್ತು ಬೆಲ್ ಬಿಡ್ತಾನೇ ಇಲ್ಲ. ನೀರಾ? ಇಲ್ಲ. ಮಗ್ಗುಲು ಬದಲಿಸ್ಲಾ? ಇಲ್ಲ. ಕಿಟಕಿ? ಸೆಖೆನಾ? ಇಲ್ಲ, ಇಲ್ಲ. ಕೇಳೋ ಪ್ರಶ್ನೆಯೆಲ್ಲಾ ಮುಗೀತು. ಅವಳ ಕಣ್ಣಲ್ಲಿ ಸಿಟ್ಟು. ಭಾವ "ಹೆದರಿದಾಳೆ ಪಾಪ" ಅಂತ ಹಣೆ ಸವರಿದ್ರು.

ಒಂದು ವಿಷಯ ತಲೇಲಿ ಕೊರೀತಿದೆ. ನಿನ್ನೆ ಆ ಎರಡು ಕೂಗಿನ ನಡುವೆ ಬಿಡುವೇ ಇರ್ಲಿಲ್ಲ. ಅವಳ ಬೆರಳು ಅಷ್ಟು ಬೇಗ ಎದ್ದು ಮತ್ತೆ ಒತ್ತುತ್ತಾ?

ಹುಚ್ಚು ಯೋಚನೆ. ಲ್ಯಾಬಲ್ಲಿ ಬೀಕರ್ ಒಡೆದೆ.

ಜೂನ್ 12, ಗುರುವಾರ. ಮಧ್ಯಾಹ್ನ 3

ಅರ್ಧ ದಿನ ರಜೆ ಹಾಕಿ ಬಂದೆ. ಅಕ್ಕ ನಿದ್ದೆ ಹೋದಾಗ ಡಬ್ಬಿ ಅಡುಗೆಮನೆಗೆ ತಂದು ಬಾಗಿಲು ಹಾಕ್ಕೊಂಡೆ. ಸದ್ದು ಕೇಳದ ಹಾಗೆ ಟವೆಲ್ ಸುತ್ತಿ, ಅವಳ ಹಾಗೇ ಮೆತ್ತಗೆ ಒತ್ತಿದೆ. ನೂರು ಸಲ. ಹದಿನೇಳು ಸಲ — ಒತ್ತಿದ್ದು ಒಂದು, ಕೂಗಿದ್ದು ಎರಡು.

ಫಾಯಿಲ್ ಸುಕ್ಕಾಗಿದೆ. ತಾಗುತ್ತೆ, ಬಿಡುತ್ತೆ, ಮತ್ತೆ ತಾಗುತ್ತೆ.

ಮಾಡಿದ್ದು ನಾನು. ಬೇರೆ ಯಾರೂ ಅಲ್ಲ.

ಅದೇ ದಿನ, ಸಂಜೆ

ಹೇಳ್ದೇ ಇರೋಕಾಗ್ಲಿಲ್ಲ. ಭಾವ ಬಟ್ಟೆ ಒಣಗಿಸ್ತಿದ್ರು.

"ಭಾವ, ಅಕ್ಕನ್ನ ಇನ್ನೊಂದು ಸಲ ಕೇಳ್ಬೇಕು."

"ಏನನ್ನ?"

ಹದಿನೇಳರ ಲೆಕ್ಕ ಹೇಳಿದೆ. ಕೈಯಲ್ಲಿದ್ದ ಒದ್ದೆ ಬೆಡ್‌ಶೀಟ್ ಹಾಗೇ ಹಿಡ್ಕೊಂಡು ನಿಂತ್ರು.

"ಮೂರು ದಿನದಿಂದ ಮನಸ್ಸು ಕಲ್ಲು ಮಾಡ್ಕೊಂಡಿದೀನಿ. ಈಗ ಡಬ್ಬಿ ತಪ್ಪು ಹೇಳ್ತು ಅಂತೀಯ. ನಾಳೆ ಹೌದು ಅಂದ್ರೆ? ಆಗ ಯಾವುದನ್ನ ನಂಬ್ಲಿ?"

"ನಾಳೆ ಬೆಳಗಿನ ಹೊತ್ತಿಗೆ ಸರಿ ಮಾಡ್ತೀನಿ."

"ನಿನ್ನ ಆಟದ ಸಾಮಾನು ನಂಬ್ಕೊಂಡು ನಾನು ಅವಳನ್ನ..."

ಬೆಡ್‌ಶೀಟ್ ಹಿಂಡಿದ್ರು, ಆಗಲೇ ಹಿಂಡಿದ್ದನ್ನೇ. ಬೈದಿದ್ರೆ ಹಗುರ ಆಗ್ತಿತ್ತು.

ಜೂನ್ 13, ಶುಕ್ರವಾರ. ಬೆಳಗ್ಗೆ 9

ಫಾಯಿಲ್ ಕಿತ್ತು ಬಿಸಾಕಿದೆ. ಟಿವಿ ರಿಮೋಟ್ ಒಡೆದು ಸೆಲ್ ಕೂರೋ ಜಾಗದ ತಗಡಿನ ಪಟ್ಟಿ ಎರಡು ತೆಗೆದೆ. ಸ್ಪ್ರಿಂಗಿನ ಹಾಗೆ ಪುಟಿಯುತ್ತೆ, ಸುಕ್ಕಾಗಲ್ಲ. ಹಳೇ ರೇಡಿಯೋದ ಕೆಪಾಸಿಟರ್ ಬಝರಿಗೆ ಜೋಡಿಸಿದೆ — ಅದು ಚೂರು ಕರೆಂಟ್ ಹಿಡಿದಿಟ್ಕೊಳ್ಳುತ್ತೆ, ಪಟ್ಟಿ ಒಂದು ಕ್ಷಣ ಬಿಟ್ರೂ ಕೂಗು ತುಂಡಾಗಲ್ಲ. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಕೊಂಡೆ. ಮುನ್ನೂರು ಸಲ ಒತ್ತಿದೆ. ಮುನ್ನೂರೂ ಒಂದಕ್ಕೆ ಒಂದು.

ಆದ್ರೂ ನಂಬಿಕೆ ಇಲ್ಲ. ಇನ್ನೂ ನೂರು ಒತ್ತಿದೆ.

11.30

ಮೊದಲು ನಾನು ಕೇಳಿದೆ. "ಅಕ್ಕ, ಇವತ್ತು ಮಂಗಳವಾರನಾ?" ಎರಡು. ನಡುವೆ ನಿಧಾನ, ಬೆರಳು ಎದ್ದಿದ್ದು ಕಾಣ್ತು. "ನಾನು ನಿನ್ನ ತಂಗಿನಾ?" ಒಂದು. "ಜಾಣೆನಾ?" ಎರಡು. ಭಾವ ನಕ್ಕುಬಿಟ್ರು. ಎಷ್ಟು ದಿನ ಆಗಿತ್ತೋ.

ಆಮೇಲೆ ಅವರು ಕೇಳಿದ್ರು. "ಟ್ಯೂಬ್ ಹಾಕ್ಸೋಣವಾ?"

ಒಂದು.

ಕಾದ್ವಿ. ಇನ್ನೊಂದು ಬರ್ಲಿಲ್ಲ.

ಪ್ರಶ್ನೆ ತಿರುಗಿಸಿ ಕೇಳಿ ಅಂದೆ. "ಟ್ಯೂಬ್ ಇಲ್ದೇ ಹೀಗೇ ಇರ್ತೀಯಾ?"

ಎರಡು.

"ಹಾಸಿಗೆ ಬಿಟ್ಟು ಏಳೋಕಾಗಲ್ಲ ಮುಂದೆ. ಮಷೀನಿನ ಜೊತೆ ಇರ್ಬೇಕು. ಗೊತ್ತಿದ್ದೂ...?"

ಒಂದು.

ಭಾವ ಇನ್ನೂ ಹತ್ತಿರ ಬಾಗಿದ್ರು. "ಸೋಮವಾರ ನೀನು ಹೇಳಿದ್ದೂ... ಇದೇನಾ?"

ಒಂದು. ಉದ್ದಕ್ಕೆ, ಬೆರಳು ಎತ್ತದೇ. ಬಝರ್ ಕೂಗ್ತಾನೇ ಇತ್ತು.

ಭಾವ ಮಂಚದ ಅಂಚಿಗೆ ತಲೆ ಇಟ್ರು. ನಾನು ಡಾಕ್ಟರ್ ನಂಬರ್ ಒತ್ತಿದೆ. ಎರಡು ಸಲ ತಪ್ಪಾಯ್ತು. ನಾಲ್ಕು ದಿನ ಅವಳು ಕೂಗಿ ಕೂಗಿ ಹೇಳ್ತಿದ್ಳು. ಆ ಪ್ರಶ್ನೆ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೇಳಿದ್ವಿ.

ಜೂನ್ 17, ಮಂಗಳವಾರ. ಆಸ್ಪತ್ರೆ, ಬೆಳಗ್ಗೆ 10.15

ನಿನ್ನೆ ಆಪರೇಷನ್ ಆಯ್ತು. ತೊಂದರೆ ಏನಿಲ್ಲ ಅಂದ್ರು ಡಾಕ್ಟರ್. ಇನ್ನೂ ಒಳಗೆ ಬಿಟ್ಟಿಲ್ಲ. ಡಬ್ಬಿ ತಂದಿದ್ದೆ. ಬಾಗಿಲಲ್ಲೇ ನರ್ಸ್ ತಡೆದ್ರು — ವೈರೆಲ್ಲಾ ಹೊರಗೆ ಕಾಣೋ ಸಾಮಾನು ಐಸಿಯುಗೆ ಬೇಡ. ಅವರದ್ದೂ ಸರಿಯೇ. ಮಡಿಲಲ್ಲಿ ಇಟ್ಕೊಂಡು ಬೆಂಚಲ್ಲಿ ಕೂತಿದೀನಿ. ಭಾವ ಕಾರಿಡಾರಲ್ಲಿ ಅತ್ತಿಂದಿತ್ತ. ಅವರನ್ನ ನೋಡಿ ನನ್ನ ಕಾಲೂ ಕುಣೀತಿದೆ.

ಅಕ್ಕನಿಗೆ ಎಚ್ಚರ ಆಗಿ, ಯಾರಿಗೂ ಏನೂ ಹೇಳೋಕಾಗ್ದೇ...

ನರ್ಸ್ ಬಂದ್ರು. "ಎಚ್ಚರ ಆಗಿದೆ. ಬೆರಳಲ್ಲಿ ಬೆಡ್‌ಶೀಟ್ ತಟ್ತಿದಾರೆ. ಒಂದೇ ಸಲ. ಸ್ವಲ್ಪ ಬಿಟ್ಟು ಮತ್ತೆ ಒಂದೇ ಸಲ. ಅಂದ್ರೇನು?"

"ನೀವೇನಾದ್ರೂ ಕೇಳಿದ್ರಾ ಸಿಸ್ಟರ್?"

"ನಿಮ್ಮ ತಂಗಿ ಹೊರಗಿದಾರೆ, ಕರೀಲಾ ಅಂದೆ ಅಷ್ಟೇ."

ಭಾವ ಪೆನ್ನು ಕಿತ್ಕೊಳ್ತಿದಾರೆ, ನಡಿ ನಡಿ ಅಂತ. ಡಬ್ಬಿ ಇಲ್ಲೇ ಬೆಂಚ್ ಮೇಲೆ. ಬರೀ ಕೈಯಲ್ಲೇ ಹೋಗ್ತಿ—