ಅರವತ್ತು ಮೂಟೆ ಕಡಲೆಬೀಜ

ಚಿರಿಂಬಾ, ಬ್ಲಾಂಟೈರ್
12 ಜುಲೈ 2014, ಶನಿವಾರ

ನನ್ನ ಪ್ರೀತಿಯ ಚಿಕ್ಕಮ್ಮಾ,

ಹೇಗಿದ್ದೀಯ? ಅಜ್ಜಿಯ ಕಾಲಿನ ಬಾವು ಇಳಿಯಿತೆ? ನಿನ್ನ ಕೆಮ್ಮು? ಪಾಲೊಂಬೆಯಲ್ಲಿ ಈ ಸಲ ಚಳಿ ಜೋರು ಎಂದು ಮಿನಿಬಸ್ಸಿನ ವಿಲ್ಸನ್ ಹೇಳಿದ. ಬಾಗಿಲ ಬಳಿಯೇ ಮಲಗುತ್ತೇನೆಂಬ ಹಟ ಬಿಟ್ಟು ಒಳಗಿನ ಕೋಣೆಯಲ್ಲಿ ಮಲಗು, ಮಹಾತಾಯಿ. ಇಲ್ಲೂ ಚಿಪೆರೋನಿ ಮಂಜು ಐದು ದಿನದಿಂದ ಬಿಟ್ಟಿಲ್ಲ, ಒಗೆದ ಬಟ್ಟೆಯೆಲ್ಲ ಮುಗ್ಗಲು ವಾಸನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ, ಆಯಿತು. ನಿಜ ಹೇಳಲೇ? ಒಬ್ಬಳೇ ಇದ್ದು ಇದ್ದು ಸಾಕಾಗಿದೆ. ಒಬ್ಬಳಿಗೆ ನ್ಸಿಮಾ ಮಾಡುವುದು ನನಗೆ ಇನ್ನೂ ಬಂದಿಲ್ಲ. ಇಬ್ಬರಿಗಾಗುವಷ್ಟು ಹಿಟ್ಟು ಸುರಿದುಬಿಡುತ್ತೇನೆ, ಉಳಿದ ಮುದ್ದೆಯನ್ನು ಬೆಳಿಗ್ಗೆ ಕೋಳಿಗಳಿಗೆ ಹಾಕುತ್ತೇನೆ. ಈಗ ಚಿರಿಂಬಾದಲ್ಲಿ ನನ್ನೊಡನೆ ಮಾತು ಬಿಡದೆ ಇರುವುದು ಆ ಕೋಳಿಗಳು ಮಾತ್ರ.

ಯಾಕೆಂದು ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಏಪ್ರಿಲಿನಲ್ಲಿ ನೀನು ಅಜ್ಜಿಯನ್ನು ನೋಡಿಕೊಳ್ಳಲು ಹೋದೆಯಲ್ಲ, ಆಮೇಲೆ ಕಾರ್ಖಾನೆಗೆ ಒಂದು ಯಂತ್ರ ಬಂತು. ಕಡಲೆಬೀಜ ಪಟ್ಟಿಯ ಮೇಲೆ ಓಡುತ್ತದೆ, ಮೇಲಿನಿಂದ ಬೆಳಕು ಬೀಳುತ್ತದೆ, ಬಣ್ಣಗೆಟ್ಟ ಬೀಜವನ್ನು ಫುಸ್ಸೆಂದು ಗಾಳಿ ಊದಿ ಹಾರಿಸುತ್ತದೆ. ನೀವು ಹದಿನಾಲ್ಕು ಹೆಂಗಸರು ಮೇಜಿನ ಬಳಿ ಕೂತು ಹಾಡು ಹೇಳಿಕೊಂಡು ಇಡೀ ದಿನ ಆರಿಸುವಷ್ಟನ್ನು ಅದು ಒಂದು ಗಂಟೆಯಲ್ಲಿ ಆರಿಸಿ ಎಸೆಯುತ್ತದೆ. ಆದರೆ ಬೂಷ್ಟು ಹಿಡಿದ ಬೀಜದ ವಿಷ ನಾವು ಪೊಟ್ಟಣ ಕಟ್ಟಿ ಆಸ್ಪತ್ರೆಗಳಿಗೆ ಕಳಿಸುವ ಕಡಲೆಬೀಜದ ಪೇಸ್ಟಿನಲ್ಲಿ ಉಳಿದರೆ ಅದನ್ನು ತಿನ್ನುವವು ಮೊದಲೇ ಸೊರಗಿ ಕಡ್ಡಿಯಾದ ಮಕ್ಕಳು. ಹಾಗಾಗಿ ಯಂತ್ರದ ಕೆಲಸ ನಿಮ್ಮ ಕೈಕೆಲಸಕ್ಕೆ ಸಮ ಎಂದು ಲ್ಯಾಬಿನವರು ಸಾಬೀತು ಮಾಡಿ ಸಹಿ ಹಾಕುವವರೆಗೆ ಅದನ್ನು ಓಡಿಸುವಂತಿಲ್ಲ. ಲ್ಯಾಬಿನವರು ಎಂದರೆ ಯಾರು? ನಾನೇ.

ಮ್ಯಾನೇಜರ್ ಮಕ್ವಿಂಜಾ ಕಾಯುವ ಗಿರಾಕಿಯಲ್ಲ, ನಿನಗೆ ಗೊತ್ತು. ಕೈಯಲ್ಲಿ ಆರಿಸಿದ ಹತ್ತು ಮೂಟೆ, ಯಂತ್ರ ಆರಿಸಿದ ಹತ್ತು ಮೂಟೆ ತರಿಸಿ ಉಳಿದ ವಿಷ ಅಳೆಸಿದರು. ಮರುದಿನವೇ ಎರಡು ಕ್ರೇಟು ಫ್ಯಾಂಟಾ ತರಿಸಿ, "ವ್ಯತ್ಯಾಸ ಏನೂ ಕಾಣ್ಲಿಲ್ಲ ತಾನೆ? ಹಾಗಾದ್ರೆ ಎರಡೂ ಒಂದೇ. ಸಹಿ ಹಾಕಮ್ಮ, ಕುಡಿಯೋಣ" ಎಂದರು. ನನಗೆ ಮೈಯೆಲ್ಲ ಉರಿಯಿತು. "ಸಾರ್, ಈ ಮಂಜಲ್ಲಿ ಕಿಟಕಿಯಿಂದ ಮಿಚಿರು ಬೆಟ್ಟಾನೂ ಕಾಣ್ತಿಲ್ಲ. ಬೆಟ್ಟ ಇಲ್ಲ ಅಂತ ಬರ್ಕೊಡ್ಲಾ?" ಎಂದುಬಿಟ್ಟೆ. ಹತ್ತು ಮೂಟೆ ನೋಡಿ ವ್ಯತ್ಯಾಸ ಕಾಣಲಿಲ್ಲವೆಂದರೆ ನಾವು ಸರಿಯಾಗಿ ನೋಡಿಲ್ಲ ಎಂದಷ್ಟೇ ಅರ್ಥ. ಸಮ ಎನ್ನಬೇಕಾದರೆ, ಎಷ್ಟರವರೆಗೆ ವ್ಯತ್ಯಾಸವಿದ್ದರೆ ಮಗುವಿಗೆ ತೊಂದರೆಯಾಗದು ಎಂಬ ಗೆರೆಯನ್ನು ಒಂದು ಮೂಟೆಯನ್ನೂ ಬಿಚ್ಚುವ ಮೊದಲೇ ಬರೆದಿಡಬೇಕು. ಆಮೇಲೆ, ನಿಜವಾದ ವ್ಯತ್ಯಾಸ ಇಲ್ಲಿಂದ ಇಲ್ಲಿಯವರೆಗೆ ಎಲ್ಲಾದರೂ ಇರಬಹುದು ಎಂದು ನಮಗೆ ಉಳಿಯುವ ಅನುಮಾನವೂ ಪೂರ್ತಿ ಆ ಗೆರೆಯೊಳಗೆ ಬಂತೆ ಎಂದು ನೋಡಬೇಕು. ಮೂಟೆ ಕಡಿಮೆಯಾದಷ್ಟೂ ಅನುಮಾನ ಅಗಲ. ಲೆಕ್ಕ ಹಾಕಿ ನೋಡಿದೆ, ಒಂದೊಂದು ಕಡೆಗೂ ಅರವತ್ತು ಮೂಟೆ ಬೇಕಿತ್ತು.

ಇದು ಮಕ್ವಿಂಜಾಗಿಂತ ಮೊದಲು ತಲೆಗೆ ಹೋದದ್ದು ನಿನ್ನ ಗೆಳತಿಯರಿಗೆ. ಫಲೇಸಿ ಕುಂಬಳಸೊಪ್ಪಿನ ಪಲ್ಯದ ಬಟ್ಟಲು ಹಿಡಿದು ಮನೆಗೇ ಬಂದಳು. "ಎಸ್ನಾತ್, ಹತ್ತೇ ಮೂಟೆ ಸಾಕು ಅಂತ ಬರೆದುಬಿಡೇ. ಹತ್ತರಲ್ಲಿ ಸಾಬೀತಾಗಲ್ಲ ಅಂತ ನೀನೇ ಅಂದ್ಯಲ್ಲ? ಸಾಬೀತಾಗದಿದ್ರೆ ಆ ಯಂತ್ರ ಮೂಲೇಲಿ ಕೂತಿರತ್ತೆ, ನಾವು ಮೇಜಿನ ಹತ್ರ ಕೂತಿರ್ತೀವಿ. ನೀನೇನು ಸುಳ್ಳು ಹೇಳೋದು ಬೇಡ." ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಚಿಕ್ಕಮ್ಮಾ. ಒಂದಂಕಿ ಚಿಕ್ಕದಾಗಿ ಬರೆದರೆ ಹದಿನಾಲ್ಕು ಮನೆಯ ಒಲೆ ಉರಿಯುತ್ತದೆ. ಎರಡು ದಿನ ಕಾಗದದ ಮುಂದೆ ಕೂತೆ. ಆದರೆ ಕಾಣಬಾರದೆಂದೇ ಕಣ್ಣು ಮುಚ್ಚಿಕೊಂಡು ನೋಡುವುದು ಎಂಥ ನೋಡುವುದು? ಯಂತ್ರ ಓಡಿದರೆ ದಿನಕ್ಕೆ ಮೂರು ಪಟ್ಟು ಪೊಟ್ಟಣ ಹೊರಡುತ್ತವೆ. ಎಷ್ಟೋ ಆಸ್ಪತ್ರೆಗಳಲ್ಲಿ ಪೊಟ್ಟಣ ಸಾಲದೆ ತಾಯಂದಿರು ಹಾಗೇ ತಿರುಗಿ ಹೋಗುತ್ತಿದ್ದಾರೆ. ಅರವತ್ತು ಎಂದು ಬರೆದೆ. ಫಲೇಸಿಯ ಬಟ್ಟಲು ತೊಳೆದು ಕೊಡಲು ಹೋದರೆ ಅವಳು ಬಾಗಿಲಲ್ಲೇ ಇಸಿದುಕೊಂಡಳು, ಒಳಗೆ ಕರೆಯಲಿಲ್ಲ.

ಮೊನ್ನೆ ಗುರುವಾರ ಲೆಕ್ಕ ಮುಗಿಯಿತು. ಕೈ ಒಂದಿಷ್ಟು ಮೇಲು, ಯಂತ್ರ ಒಂದಿಷ್ಟು ಕೆಳಗು, ಆದರೆ ಅನುಮಾನದ ಎರಡು ತುದಿಯೂ ಗೆರೆಯೊಳಗೇ. ಒಂದು ತುದಿಯಂತೂ ಕೂದಲೆಳೆಯಷ್ಟು ಒಳಗೆ. ಗೆರೆ ದಾಟಲಿ, ದೇವರೇ, ದಾಟಲಿ ಎಂದು ನಾನು ಬೇಡಿಕೊಂಡದ್ದು ಯಾರಿಗೂ ಗೊತ್ತಿಲ್ಲ. ದಾಟಲಿಲ್ಲ. ನಿನ್ನೆ ಸಹಿ ಹಾಕಿದೆ. ಆಗಸ್ಟ್ ಒಂದರಿಂದ ಆರಿಸುವ ಮೇಜು ಇರುವುದಿಲ್ಲ. ಹದಿನಾಲ್ಕು ಹೆಸರುಗಳನ್ನು ಗೇಟಿಗೆ ಅಂಟಿಸಿದ್ದಾರೆ, ನಿನ್ನದೂ ಇದೆ.

ಸಂಜೆ ಮಿನಿಬಸ್ಸಿನಲ್ಲಿ ನಾನು ಫಲೇಸಿಯ ಪಕ್ಕ ಕೂತೊಡನೆ ಅವಳು ಇಳಿದು ಹನಿಯುವ ಮಂಜಿನಲ್ಲಿ ಮುಂದಿನ ಗಾಡಿಗೆ ಕಾದು ನಿಂತಳು. ಇಳಿಯುವಾಗ ಒಂದು ಮಾತು ಹೇಳಿದಳು: "ಚಿಕ್ಕಮ್ಮನ ಬೆರಳು ಸವೆಸಿ ಓದಿದೋಳು, ಆ ಬೆರಳಿಗೇ ಕತ್ತಿ ಹಾಕಿದ್ಯಲ್ಲೇ." ಗಾಡಿಯವರೆಲ್ಲ ಕೇಳಿಸಿಕೊಂಡರು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ನನ್ನನ್ನು ಓದಿಸಿದ್ದು ನಿನ್ನ ಕೈ ಎಂದು ನನಗೆ ಯಾರೂ ನೆನಪಿಸಬೇಕಾಗಿಲ್ಲ. ಲೆಕ್ಕ ಸರಿಯಾಗಿದೆ, ನಾನು ಮೋಸ ಮಾಡಿಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಮನೆಗೆ ಬಂದು ಅತ್ತೆ, ಕೋಳಿಗಳ ಮುಂದೆ.

ವಿಲ್ಸನ್ ಕೈಯಲ್ಲಿ ಸಕ್ಕರೆ, ಸೋಪು, ನಿನ್ನ ಕೆಮ್ಮಿನ ಔಷಧಿ ಕಳಿಸಿದ್ದೇನೆ. ಔಷಧಿ ನಿನಗೆ, ಅಜ್ಜಿಗೆ ಕುಡಿಸಬೇಡ. ಅಜ್ಜಿಯ ಕಾಲು ಮುಟ್ಟಿದೆನೆಂದು ಹೇಳು. ನಿನ್ನ ಮೊಣಕಾಲ ಮೇಲೆ ತಲೆಯಿಟ್ಟು ಮಲಗಿದಂತೆ ಅಂದುಕೊಂಡು ಇದನ್ನು ಮುಗಿಸುತ್ತೇನೆ.

ನಿನ್ನ ಮಗಳೇ ಆದ
ಎಸ್ನಾತ್

ತಾ.ಕ.: ಬಸ್ ನಿಲ್ದಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ವಿಲ್ಸನ್ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಮೇ ತಿಂಗಳಲ್ಲಿ ನೀನು ಗುಡ್ಡ ಹತ್ತಿ ಫೋನು ಮಾಡಿ "ಅಜ್ಜಿ ಈಗ ಪರವಾಗಿಲ್ಲ ಕಣೇ, ನಾನು ಹೊರಟು ಬರ್ತೀನಿ" ಎಂದೆ. ಕಾರ್ಖಾನೆಯಲ್ಲಿ ಈಗ ಕೆಲಸವಿಲ್ಲ, ಜುಲೈವರೆಗೂ ಅಲ್ಲೇ ಇರು ಎಂದೆ ನಾನು. ಸುಳ್ಳು, ಚಿಕ್ಕಮ್ಮಾ. ನಿನ್ನ ಮುಖ ನೋಡಿಕೊಂಡು ಅರವತ್ತು ಎಂದು ಬರೆಯುವ ಧೈರ್ಯ ನನಗಿರಲಿಲ್ಲ, ಅಷ್ಟೆ. ಆದರೆ ಮೇಜಿನ ಕೊನೆಯ ಜಾಗ ನಿನ್ನದು. ಹದಿಮೂರು ಜನರ ಕೈ ತಪ್ಪಿ ಬಂದ ಕೆಟ್ಟ ಬೀಜ ಹಿಡಿಯುವವಳು ನೀನು. ರಜೆ ಹೋದವಳ ಜಾಗದಲ್ಲಿ ಇನ್ನೊಬ್ಬಳು ಕೂರಬಾರದೆಂಬುದು ನಿಮ್ಮ ನೇಮ, ಫಲೇಸಿ ಅಲ್ಲಿ ಯಾರನ್ನೂ ಕೂರಿಸಲಿಲ್ಲ. ಕೈಯಲ್ಲಿ ಆರಿಸಿದ ಅರವತ್ತು ಮೂಟೆಯೂ ನಿನ್ನ ಕೈ ದಾಟದೆ ನನ್ನ ಲ್ಯಾಬಿಗೆ ಬಂದವು. ನಾನು ಯಂತ್ರವನ್ನು ತೂಗಿದ್ದು ನಾನೇ ಊನ ಮಾಡಿದ ಮೇಜಿನ ಜೊತೆ. ಸೋಮವಾರ ಮಕ್ವಿಂಜಾಗೆ ಎಲ್ಲ ಹೇಳಿ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನನ್ನು ಮನೆಗೆ ಕಳಿಸಿದರೆ ಕಳಿಸಲಿ. ಮತ್ತೆ ಅರವತ್ತು ಮೂಟೆ ಆಗಲೇಬೇಕು, ಈ ಸಲ ನೀನು ಕೂತು. ಆಗಲೂ ಸಮ ಎಂದೇ ಬರಬಹುದು. ಬಂದರೆ ನಿನ್ನ ಎದುರಿಗೇ ಬರಲಿ. ನನಗೆ ಬೈಯುವುದಕ್ಕಾದರೂ ಬಾ. ನಾಳೆ ಇದೇ ಗಾಡಿ ತಿರುಗಿ ಬರುತ್ತದೆ. ಉಗುರು ಕತ್ತರಿಸಿಕೊಂಡು ಬಾ, ಉದ್ದ ಉಗುರಿದ್ದರೆ ಗೇಟಿನಲ್ಲೇ ನಿಲ್ಲಿಸಿಬಿಡುತ್ತಾರೆ.